ತಾಕಣ್ಣನ ಹುಬ್ಬು

ನಮ್ಮ ತಾಕಣ್ಣ, ಪೂರ್ತಿ ಹೆಸರು ಲೋ ಮನ್-ತಾಕ್, ಇನ್ನೂರ ಹನ್ನೊಂದು ಸಲ ಸತ್ತಿದ್ದಾನೆ. ಲೆಕ್ಕ ಅವನದೇ. ಈಟಿ ಚುಚ್ಚಿ, ವಿಷ ಕುಡಿದು, ಒಂದು ಸಲ ಎದುರಾಳಿಯ ಜಡೆಗೆ ಕೊರಳು ಸಿಕ್ಕಿ. ಕೊನೆಯ ಸಾವಿಗೆ ಮಾತ್ರ ನಾನೇ ಕಾರಣ. ಅದನ್ನು ನಲವತ್ತು ವರ್ಷ ಹೊಟ್ಟೆಯೊಳಗಿಟ್ಟುಕೊಂಡು ತಿಂದುಂಡು ಓಡಾಡಿಕೊಂಡಿದ್ದ ನಾಚಿಕೆಗೆಟ್ಟವನು ನಾನು, ಆ-ಚುಂಗ್.

ಎಪ್ಪತ್ತರ ದಶಕದಲ್ಲಿ ಕೌಲೂನಿನ ನಮ್ಮ ಕಂಪನಿ ಎಂದರೆ ಒಂದು ಕ್ಯಾಮೆರಾ, ಎರಡು ವ್ಯಾನು, ಹನ್ನೆರಡು ವಿಗ್ಗು. ಹದಿನೈದು ದಿನಕ್ಕೊಂದು ಕುಂಗ್‌ಫೂ ಸಿನಿಮಾ. ಕಲ್ಲುಕ್ವಾರಿಯೊಂದೇ ನಮಗೆ ಹಿಮಾಲಯ, ಅದೇ ಮರುಭೂಮಿ, ಅದೇ ಚಕ್ರವರ್ತಿಯ ಅಂಗಳ. ರಕ್ತ ಎಂದರೆ ಬಣ್ಣ ಹಾಕಿದ ಸಕ್ಕರೆ ಪಾಕ. ಹೆಣಗಳಿಗೆಲ್ಲ ಇರುವೆ ಮುತ್ತಿ, ಸತ್ತವರು ಪರಚಿಕೊಳ್ಳುವುದು ತೆರೆಯ ಮೇಲೂ ಕಾಣುತ್ತಿತ್ತು.

ತಾಕಣ್ಣ ಚಿಕ್ಕಂದಿನಿಂದ ಕ್ಯಾಂಟನೀಸ್ ಆಟದ ಮೇಳದಲ್ಲಿ ಲಾಗ ಹಾಕಿ ಬೆಳೆದವನು. ಮೂವತ್ತು ವರ್ಷದ ಅವನಿಗೆ ಎದೆತನಕ ಇಳಿಬಿದ್ದ ಬಿಳಿ ಹುಬ್ಬು ಅಂಟಿಸಿ ತೊಂಬತ್ತು ವರ್ಷದ ದುಷ್ಟ ಸನ್ಯಾಸಿ ಮಾಡುತ್ತಿದ್ದೆವು. ಬೆವರಿದರೆ ಹುಬ್ಬು ಜಾರುತ್ತಿತ್ತು. ಆದರೆ ಎತ್ತರದಿಂದ ಬೀಳುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಕೆಳಗೆ ರಟ್ಟಿನ ಖಾಲಿ ಪೆಟ್ಟಿಗೆ ಜೋಡಿಸಿದ್ದರೆ, "ಯಾವ್ ಪೆಟ್ಟಿಗೆ ಮೇಲೆ ಬೀಳ್ಲಿ ಹೇಳ್ರೋ" ಎಂದು ಮೇಲಿಂದಲೇ ಕೇಳಿ, ಅದರ ಮೇಲೇ ಬೀಳುತ್ತಿದ್ದ. ಆ ಕಣ್ಣಳತೆಯೇ ಅವನ ಗರ್ವ, ಅವನ ಅನ್ನ.

ಪೆಟ್ಟಿಗೆ ಜೋಡಿಸುವ ಕೆಲಸ ನನ್ನದು. ಊಟ ಹಂಚುವುದೂ ನಾನೇ. ಆಮೇಲೆ ಸ್ಟುಡಿಯೋದಲ್ಲಿ ಕೂತು ಅರ್ಧ ಪಾತ್ರಗಳಿಗೆ ದನಿ ಕೊಡುತ್ತಿದ್ದವನೂ ನಾನೇ. ನಮ್ಮಲ್ಲಿ ಮೂಕಚಿತ್ರದಂತೆ ತೆಗೆದು ಮಾತನ್ನು ಆಮೇಲೆ ಸೇರಿಸುವುದು. ಹಾಗಾಗಿ ಮಾತು ಬಾಯಿಪಾಠವಾಗದವರು ಕ್ಯಾಮೆರಾ ಮುಂದೆ ಕೋಪದಿಂದ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದರು. ಯಾರ ತುಟಿಯನ್ನು ಯಾರೂ ನೋಡುತ್ತಿರಲಿಲ್ಲ.

ಆ ದಿನ ಸನ್ಯಾಸಿ ಕೆಳಗೆ ನೋಡದೆ ಬಂಡೆಯಿಂದ ಬಿದ್ದು ಸಾಯಬೇಕಿತ್ತು. ಬಿಸಿಲು ಸರಿದಿದೆಯೆಂದು ನಿರ್ದೇಶಕ ಕ್ಯಾಮೆರಾವನ್ನೂ ತಾಕಣ್ಣ ಹಾರುವ ಜಾಗವನ್ನೂ ಮೂರು ಮಾರು ಎಡಕ್ಕೆ ಹಾಕಿಸಿದ. "ಚುಂಗ್, ಪೆಟ್ಟಿಗೆನೂ ಸರಿಸೋ!" ಎಂದ. ಹೂಂ ಎಂದೆ. ಅಷ್ಟರಲ್ಲಿ ಕೆಂಪು ಲಕೋಟೆ ತಂದಿಲ್ಲವೆಂದು ನೆನಪಾಯಿತು. ಸಾಯುವ ಪಾತ್ರ ಮಾಡಿದವನಿಗೆ ಶಾಟ್ ಮುಗಿದ ಕೂಡಲೇ ಕೆಂಪು ಲಕೋಟೆಯಲ್ಲಿ ಒಂದು ನಾಣ್ಯವನ್ನಾದರೂ ಕೊಡಬೇಕು, ಇಲ್ಲದಿದ್ದರೆ ಸುಳ್ಳು ಸಾವು ನಿಜವಾಗುತ್ತದೆ. ನಮ್ಮಲ್ಲಿ ಇದನ್ನು ತಪ್ಪಿಸಿದವರಿಲ್ಲ. ತಾಕಣ್ಣನಿಗೆ ಕೆಡುಕಾಗದಿರಲೆಂದೇ ವ್ಯಾನಿಗೆ ಓಡಿದೆ. ಲಕೋಟೆ ಜೇಬಿಗೆ ಹಾಕಿಕೊಂಡು ತಿರುಗುವಷ್ಟರಲ್ಲಿ ಅವನು ಹಾರಿಯಾಗಿತ್ತು.

ಪೆಟ್ಟಿಗೆಗಳು ಹಳೆಯ ಜಾಗದಲ್ಲೇ ಇದ್ದವು. ಅವನು ಕಲ್ಲಿನ ಮೇಲೆ ಬಿದ್ದ.

"ಏನಾಯ್ತೋ?" ಎಂದು ನಿರ್ದೇಶಕ ಕೂಗಿದ. ನನ್ನ ಹಾಳು ಬಾಯಿಂದ ಬಂದದ್ದು ಇಷ್ಟೇ: "ಅಣ್ಣ ಅಳತೆ ತಪ್ಪಿದ."

ತಾಕಣ್ಣನಿಗೆ ನಾಲ್ಕನೆಯ ದಿನ ಪ್ರಜ್ಞೆ ಬಂತು. ಸೊಂಟ ಮುರಿದಿತ್ತು, ಆ ದಿನದ ನೆನಪು ಪೂರಾ ಅಳಿಸಿಹೋಗಿತ್ತು. ನಾವು ಹೇಳಿದ್ದನ್ನೇ ನಂಬಿದ. ಅಳತೆ ತಪ್ಪುವವನನ್ನು ಯಾರು ಕರೆಯುತ್ತಾರೆ? ಮುಂದೆ ಮೂವತ್ತು ವರ್ಷ ಶಾಮ್ ಶೂಯಿ ಪೋ ಬಡಾವಣೆಯ ಒಂದು ಕಟ್ಟಡದಲ್ಲಿ ಕಾವಲುಗಾರನಾಗಿ ಸ್ಟೂಲಿನ ಮೇಲೆ ಕೂತ. ಹಳೆಯ ಹುಡುಗರು ಸಿಕ್ಕರೆ, "ನನ್ನ ಥರ ಸೊಕ್ಕು ಮಾಡ್ಬೇಡ್ರಪ್ಪಾ, ಕಣ್ಣು ಯಾವಾಗ ಮೋಸ ಮಾಡುತ್ತೋ ಗೊತ್ತಾಗಲ್ಲ" ಎನ್ನುತ್ತಿದ್ದ. ನಾನು ಪಕ್ಕದಲ್ಲೇ ಟೀ ಕುಡಿಯುತ್ತ ತಲೆಯಾಡಿಸುತ್ತಿದ್ದೆ. ಥೂ ನನ್ನ ಜನ್ಮಕ್ಕೆ!

ಆ ಶಾಟನ್ನು ಬಿಸಾಡಲಿಲ್ಲ, ಸಿನಿಮಾದಲ್ಲೇ ಸೇರಿಸಿದರು. ದನಿ ಕೊಡಲು ಕೂತಾಗ ನೋಡಿದೆ. ಬೀಳುತ್ತಿರುವ ಅವನ ಬಾಯಿ ಸ್ಪಷ್ಟವಾಗಿ, "ಆ-ಚುಂಗ್! ಪೆಟ್ಟಿಗೆ!" ಎನ್ನುತ್ತಿತ್ತು. ಗಾಳಿಗೆ ಒಂದು ಹುಬ್ಬು ಕಿತ್ತು ಹಾರುತ್ತಿತ್ತು. ಆ ತುಟಿಗಳನ್ನು ಮುಚ್ಚಬೇಕಿತ್ತು. ಮುದುಕನ ಕೀರಲು ದನಿಯಲ್ಲಿ ಚೀರಿದೆ: "ಅಯ್ಯಯ್ಯೋ! ನನ್ನ ಹುಬ್ಬು!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅದೇ ಉಳಿಯಿತು.

ಹೋದ ವರ್ಷ ಯಾವ್ ಮಾ ತೇ ಬಡಾವಣೆಯ ಒಂದು ಚಿಕ್ಕ ಚಿತ್ರಮಂದಿರದಲ್ಲಿ ಕಾಲೇಜು ಮಕ್ಕಳು ಆ ಸಿನಿಮಾ ಹಾಕಿದರು. ಅದು ಕೆಟ್ಟದ್ದಾಗಿರುವುದೇ ಅವರಿಗೆ ಚಂದವಂತೆ. ವಿಗ್ಗು ಜಾರಿದರೆ ಚಪ್ಪಾಳೆ, ಬಂಡೆ ಅಲ್ಲಾಡಿದರೆ ಶಿಳ್ಳೆ. ಅರ್ಧ ಜನ ಹತ್ತಿಯ ಬಿಳಿ ಹುಬ್ಬು ಅಂಟಿಸಿಕೊಂಡೇ ಬಂದಿದ್ದರು. ಸನ್ಯಾಸಿಯೇ ಬಂದಿದ್ದಾರೆಂದು ತಾಕಣ್ಣನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ತಾನು ಅಳತೆ ತಪ್ಪಿದ್ದನ್ನು ನೋಡಲಾರೆನೆಂದು ಅವನು ಆ ಸಿನಿಮಾವನ್ನು ನೋಡಿಯೇ ಇರಲಿಲ್ಲ. ಮಕ್ಕಳು ಗೋಗರೆದದ್ದಕ್ಕೆ ಬಂದಿದ್ದ.

ಅವನಿಗೆ ಐದಾರು ವರ್ಷದಿಂದ ಕಿವಿ ಒಂದಿಷ್ಟೂ ಕೇಳುವುದಿಲ್ಲ. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾನೆ. ತೆರೆಯ ಮೇಲಿನ ತುಟಿಯನ್ನೂ ಓದಿಬಿಡುತ್ತಾನೆಂದು ನನಗೆ ಹೊಳೆದದ್ದು ದೀಪ ಆರಿದ ಮೇಲೆ.

"ಅಣ್ಣಾ, ಹೋಗೋಣ ನಡಿ, ಸೆಕೆ" ಎಂದು ಅವನ ತೋಳು ಜಗ್ಗಿದೆ.

"ಕೂತ್ಕೊಳ್ಳೋ ಮಾರಾಯ! ಮಕ್ಕಳು ಎಷ್ಟು ಖುಷಿಯಾಗಿದಾರೆ!"

ಬಂಡೆ ಬಂತು. ಅವನು ಹಾರಿದ. ಇಡೀ ಚಿತ್ರಮಂದಿರ ಒಂದೇ ದನಿಯಲ್ಲಿ, "ಅಯ್ಯಯ್ಯೋ! ನನ್ನ ಹುಬ್ಬು!" ಎಂದು ಅರಚಿ ನೂರು ಹತ್ತಿ ಹುಬ್ಬುಗಳನ್ನು ಮೇಲಕ್ಕೆಸೆಯಿತು. ತಾಕಣ್ಣ ಮಾತ್ರ ತೆರೆಯ ಮೇಲಿನ ತನ್ನ ಬಾಯಿಯನ್ನೇ ನೋಡುತ್ತಿದ್ದ. ಮೆಲ್ಲಗೆ ನನ್ನ ಕಡೆ ತಿರುಗಿದ.

"ಚುಂಗ್, ಅಲ್ಲಿ ನಾನು ನಿನ್ನ ಹೆಸರು ಕರೀತಿದೀನಲ್ಲೋ?"

ಅಷ್ಟರಲ್ಲಿ ದೀಪ ಹತ್ತಿಸಿ ಅವನನ್ನು ವೇದಿಕೆಗೆ ಕರೆದೊಯ್ದರು. ನಿರೂಪಕಿ ಹುಡುಗಿ ಮೈಕು ಹಿಡಿದು, ಅವನಿಗೆ ಕಾಣುವಂತೆ ಬಾಯಿ ಅಗಲಿಸಿ, "ತಾತಾ, ಬೀಳೋವಾಗ ಹೇಳಿದ್ರಲ್ಲ, ಆ ಮಾತು ನಿಮ್ ಬಾಯಲ್ಲೇ ಒಂದ್ಸಲ ಹೇಳಿ, ಪ್ಲೀಸ್!" ಎಂದಳು.

ಅವನು ಊರುಗೋಲು ಊರಿ ನೆಟ್ಟಗೆ ನಿಂತ. "ಆ-ಚುಂಗ್! ಪೆಟ್ಟಿಗೆ!" ಎಂದ.

ಮಕ್ಕಳು ಮುಖ ಮುಖ ನೋಡಿಕೊಂಡು, ಇದೇನೋ ಹೊಸ ತಮಾಷೆಯೆಂದು ಬಿದ್ದು ಬಿದ್ದು ನಕ್ಕರು. ಅವನು ನಗಲಿಲ್ಲ. ಕರೆದು ಉತ್ತರಕ್ಕೆ ಕಾಯುವವನಂತೆ ನನ್ನನ್ನೇ ನೋಡುತ್ತ ನಿಂತ. ನನ್ನ ಮನೆಯ ಡ್ರಾಯರಿನಲ್ಲಿರುವ, ಕೊಡದೇ ಉಳಿದ ಆ ಕೆಂಪು ಲಕೋಟೆ ನೆನಪಾಯಿತು. ಎದ್ದು ನಿಂತೆ. ಒಂದೊಂದು ಅಕ್ಷರವೂ ಅವನಿಗೆ ಕಾಣುವಂತೆ ತುಟಿ ಬಿಡಿಸಿ ಹೇಳಿದೆ.

"ಸರಿಸಿರಲಿಲ್ಲ ಅಣ್ಣಾ. ನಾನೇ ಮರೆತೆ. ಆಮೇಲೆ ಸುಳ್ಳೂ ಹೇಳಿದೆ. ನೀನು ಸರಿಯಾಗೇ ಹಾರಿದ್ದೆ."

ನಗು ಒಂದೊಂದಾಗಿ ನಿಂತಿತು. ತಾಕಣ್ಣ ವೇದಿಕೆಯ ಅಂಚಿನವರೆಗೆ ಬಂದ.

"ಕೊನೇದು ಏನಂದೆ? ಇನ್ನೊಂದ್ಸಲ ಹೇಳು."

"ನೀನು ಸರಿಯಾಗೇ ಹಾರಿದ್ದೆ" ಎಂದೆ.

"ಇನ್ನೊಂದ್ಸಲ" ಎಂದ.