ಕ್ಷಮಾಪಣೆ ಅಚ್ಚಾದ ವಾರ

ಕ್ವಿಟ್ ಇಂಡಿಯಾ ಚಳವಳಿಯ ಕಾಲದಲ್ಲಿ ನಾನು ಹಾಸನದ ಒಂದು ಸಣ್ಣ ವಾರಪತ್ರಿಕೆಗೆ ಅಚ್ಚುಮೊಳೆ ಜೋಡಿಸುತ್ತಿದ್ದೆ. ಸರ್ಕಾರಿ ಕೆಲಸ ಬಿಟ್ಟು ಬನ್ನಿ ಎಂದು ನಮ್ಮ ಸಂಪಾದಕರು ಬರೆದದ್ದನ್ನು ಓದಿ, ದಂಡಿಗನಹಳ್ಳಿ ಕಡೆಯ ಪಟೇಲ ಸಿದ್ದೇಗೌಡರು ಪಟೇಲಿಕೆ ಬಿಟ್ಟು, ಬಾವುಟ ಹಿಡಿದು ಜೈಲಿಗೆ ಹೋದರು. ಕೆಲವು ವಾರಗಳಾದ ಮೇಲೆ ಪೊಲೀಸರು ಪ್ರೆಸ್ಸಿಗೂ ಬಂದರು. ಸಂಪಾದಕರು ಹೆದರಿ, ಪತ್ರಿಕೆಯಲ್ಲೇ ಸರ್ಕಾರದ ಕ್ಷಮೆ ಕೇಳಿದರು.

ಅದು ಅಚ್ಚಾದ ದಿನವೇ ಗೌಡರ ಹೆಂಡತಿ ಬಂದರು.

"ಈ ವಾರದ್ ಪೇಪರ್ ಕೊಡಿ ಸಾ, ಜೈಲಿಗೆ ತಗೊಂಡೋಯ್ತೀನಿ. ನಂಗೆ ಓದಕ್ ಬರಾಕಿಲ್ಲ. ಅದಿಲ್ದೆ ಅವರ್ಗೆ ಅನ್ನ ಸೇರಾಕಿಲ್ಲ ಕಣಪ್ಪ."

ಆ ವಾರದ್ದನ್ನು ಕೊಡಲು ಕೈ ಬರಲಿಲ್ಲ. ಹಿಂದಿನ ವಾರದ್ದನ್ನು ಮಡಿಸಿ ಕೊಟ್ಟೆ.

ಸ್ವಾತಂತ್ರ್ಯ ಬಂದ ದಿನ ಬಾವುಟ ಏರಿಸಿದವರು ನಮ್ಮ ಸಂಪಾದಕರೇ. ಅವರ ತ್ಯಾಗವನ್ನು ಯಾರೋ ಹೊಗಳುತ್ತಿದ್ದಾಗ, ಪಟೇಲಿಕೆ ವಾಪಸು ಸಿಗದ ಗೌಡರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.