ಹೆಸರು ಅಳಿಸಿದ ಹುಡುಗಿ

ಅಮೃತಹಳ್ಳಿಯ ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ನಸೀಮಾ ಮತ್ತು ಅವಳ ಮಗಳು ತಸ್ನೀಮ್ ಬಾಡಿಗೆಗಿದ್ದರು. ಗಂಡ ತೀರಿಕೊಂಡ ಮೇಲೆ ನಸೀಮಾ ಬ್ಲೌಸ್ ಹೊಲಿದು ಮಗಳನ್ನು ಓದಿಸಿದಳು. ಡಿಗ್ರಿ ಮುಗಿಸಿದ ಹುಡುಗಿ ಅನ್ವಯಿಕ ಭಾಷಾಶಾಸ್ತ್ರ ಅಂತ ಎಂ.ಎ.ಗೆ ಸೇರಿದಾಗ ನಾನು ಸುಮ್ಮನಿರಲಿಲ್ಲ. ಜನ ಹೇಗೆ ಮಾತಾಡುತ್ತಾರೆ ಅಂತ ತಿಳಿಯಲು ಯೂನಿವರ್ಸಿಟಿ ಬೇಕಾ, ನಮ್ಮ ಮೆಟ್ಟಿಲ ಮೇಲೆ ಕೂತರೆ ಸಾಲದಾ ಎಂದು ರೇಗಿಸಿದೆ. ಅವಳು ನಗುತ್ತಾ, ಅಲ್ಲೇ ಕೂರುತ್ತೇನೆ ಎಂದಳು.

ಹೇಳಿದಂತೆಯೇ ಮಾಡಿದಳು. ಮನೆಯಲ್ಲಿ ದಖ್ನಿ ಉರ್ದು, ನನ್ನ ಜೊತೆ ಕನ್ನಡ; ಒಂದರಿಂದ ಇನ್ನೊಂದಕ್ಕೆ ಹೆಂಗಸರು ಹೇಗೆ ಜಿಗಿಯುತ್ತಾರೆ ಎನ್ನುವುದೇ ಅವಳ ಪ್ರಬಂಧ. ಅಡುಗೆಮನೆ ಕಿಟಕಿಯಲ್ಲಿ ರೆಕಾರ್ಡರ್ ಇಟ್ಟಳು. ಮೊದಮೊದಲು ನಸೀಮಾ ಅದರ ಮುಂದೆ ಬೀಗರ ಮನೆಗೆ ಹೋದವಳ ಹಾಗೆ ನಾಜೂಕಾಗಿ ಮಾತಾಡಿದಳು. ಆಮೇಲೆ ಅದನ್ನು ಮರೆತೇಬಿಟ್ಟಳು. ನಾವಿಬ್ಬರೂ ಸೊಪ್ಪು ಬಿಡಿಸುತ್ತಾ ಬೀದಿಯವರನ್ನೆಲ್ಲ ಆಡಿಕೊಂಡದ್ದು, ಕುಕ್ಕರ್ ಕೂಗಿದ್ದು, ನಡುನಡುವೆ ನಸೀಮಾ ಮಗಳನ್ನು "ತಸ್ಸೂ" ಎಂದು ಕರೆದದ್ದು, ಎಲ್ಲವೂ ಅದರೊಳಗೆ ಹೋಯಿತು.

ಆ ಓದಿನಲ್ಲಿ ಒಂದು ನಿಯಮವಿದೆಯಂತೆ. ಮಾತು ಯಾರದೆಂದು ಹೊರಗಿನವರಿಗೆ ತಿಳಿಯಬಾರದು. ಹೆಸರು ಬಂದ ಕಡೆಯೆಲ್ಲ ದನಿ ಅಳಿಸಿ ಖಾಲಿ ಬಿಡಬೇಕು, ಮೊದಲಿನ ರೆಕಾರ್ಡಿಂಗನ್ನು ಉಳಿಸಿಕೊಳ್ಳಬಾರದು. ತಸ್ನೀಮ್ ಹೆಡ್‌ಫೋನ್ ಹಾಕಿಕೊಂಡು ಕೂತು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಹೆಸರುಗಳನ್ನು ಆರಿಸಿ ತೆಗೆದು, ಮೊದಲಿನದನ್ನು ಅಳಿಸಿಹಾಕಿದಳು. ಇಷ್ಟು ಚೊಕ್ಕವಾಗಿ ಯಾರೂ ಮಾಡಿಲ್ಲ ಎಂದು ಅವಳ ಮೇಡಂ ಹೊಗಳಿದರಂತೆ. ಅದನ್ನು ನಸೀಮಾ ಅಕ್ಕಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಳು.

ಪ್ರಬಂಧ ಒಪ್ಪಿಸಿದ ವಾರದಲ್ಲೇ ನಸೀಮಾ ಹೊಲಿಗೆ ಮಷೀನಿನ ಮುಂದೆ ಎದೆ ಹಿಡಿದುಕೊಂಡು ಕುಸಿದಳು. ಆಂಬುಲೆನ್ಸಿನಲ್ಲಿ ನಾನೂ ಹೋದೆ. ಹೆಬ್ಬಾಳದ ಫ್ಲೈಓವರ್ ದಾಟುವಷ್ಟರಲ್ಲಿ ಉಸಿರು ನಿಂತಿತ್ತು. ಒಡಹುಟ್ಟಿದವಳು ಹೋದಷ್ಟೇ ಸಂಕಟವಾಯಿತು ನನಗೆ.

ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ತಸ್ನೀಮ್ ಲ್ಯಾಪ್‌ಟಾಪ್ ತಬ್ಬಿಕೊಂಡು ಕೆಳಗೆ ಬಂದಳು. ಅಮ್ಮ ತನ್ನನ್ನು ಕರೆಯುವುದನ್ನು ಒಂದೇ ಒಂದು ಸಲ ಕೇಳಬೇಕು, ಎಲ್ಲಾದರೂ ಒಂದು ಕಡೆ ಕೈತಪ್ಪಿ ಉಳಿದಿರಬಹುದು ಎಂದಳು. ಫೋನಿನಲ್ಲಿ ಏನೂ ಇರಲಿಲ್ಲ. ಹಾಸ್ಟೆಲ್ ಮುಖವನ್ನೇ ನೋಡದ ಮಗಳನ್ನು ನಸೀಮಾ ಮೆಟ್ಟಿಲ ಮೇಲಿಂದಲೇ ಕೂಗುತ್ತಿದ್ದಳು, ವಾಯ್ಸ್ ಮೆಸೇಜ್ ಯಾಕೆ ಕಳಿಸುತ್ತಾಳೆ?

ಮಧ್ಯಾಹ್ನವೆಲ್ಲ ಕೂತು ಕೇಳಿದೆವು. ನಸೀಮಾ ನಕ್ಕಳು, ಕೆಮ್ಮಿದಳು, ಕೊತ್ತಂಬರಿ ಮಾರುವವನನ್ನು ಬೈದಳು. ಮಗಳನ್ನು ಕರೆಯುವ ಹೊತ್ತಿಗೆ ಸರಿಯಾಗಿ ಸದ್ದು ಅಡಗುತ್ತಿತ್ತು. ಅದರ ಬೆನ್ನಿಗೇ ಒಳಗಿನ ರೂಮಿನಿಂದ, ಬಂದೆ ಎನ್ನುವ ತಸ್ನೀಮಳ ದನಿ: "ಆಯೀ ಅಮ್ಮೀ." ಪ್ರತಿ ಸಲವೂ ಅಷ್ಟೇ. ನನಗೆ ಆ ಮೇಡಂ ಮೇಲೆ, ಆ ನಿಯಮದ ಮೇಲೆ, ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ ಈ ಹುಡುಗಿಯ ಮೇಲೂ ಕೆಟ್ಟ ಸಿಟ್ಟು ಬಂತು. ಒಂದು ಕಡೆ ಬಿಟ್ಟುಹೋಗಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು?

ಕೊನೆಯ ರೆಕಾರ್ಡಿಂಗೂ ಮುಗಿಯಿತು. ಲ್ಯಾಪ್‌ಟಾಪ್ ಮುಚ್ಚಿ ತಸ್ನೀಮ್ ನನ್ನ ಕಡೆ ತಿರುಗಿದಳು.

"ಆಂಟಿ, ಅಮ್ಮಿ ಕರೀತಿದ್ದಂಗೆ ನೀವು ಒಂದ್ಸಲ ಕರೀತೀರಾ? ನಿಮಗೆ ನೆನಪಿರತ್ತೆ."

ಗಂಟಲು ಸರಿಮಾಡಿಕೊಂಡು ಕರೆದೆ. ಕೊನೆಯನ್ನು ಇನ್ನಷ್ಟು ಎಳೆದು ಮತ್ತೊಮ್ಮೆ ಕರೆದೆ.

"ಇಂಗಾ ತಾಯಿ?"

ಅಲ್ಲವೆಂದು ತಲೆ ಆಡಿಸಿದಳು. ಹೇಗೆಂದು ತೋರಿಸಲು ತಾನೇ ಬಾಯಿ ತೆರೆದಳು. ಜನರ ದನಿಯ ಏರಿಳಿತವನ್ನೆಲ್ಲ ಗುರುತು ಹಾಕಿ ಬರೆಯಲು ಕಲಿತ ಹುಡುಗಿ, ತನ್ನ ಹೆಸರನ್ನು ತಾನೇ ಮತ್ತೆ ಮತ್ತೆ ಕೂಗಿ ನೋಡಿದಳು. ಆಮೇಲೆ ನನ್ನ ಮಡಿಲಲ್ಲಿ ಮುಖ ಇಟ್ಟು, "ನಂಗೂ ಬರ್ತಿಲ್ಲ ಆಂಟಿ" ಎಂದಳು.