ಯಾರೂ ಎತ್ತದ ಟೆಲಿಫೋನು

ಗೆಳೆಯರೇ, ಇವತ್ತು ನನ್ನ ಕೆಲಸ ಹೋಯಿತು. ಕಿರುಗಾವಲಿನಿಂದ ಮದ್ದೂರಿಗೆ ಬಂದು, ಈ ಪುಟ್ಟ ಟೆಲಿಫೋನ್ ಕಂಪನಿಯಲ್ಲಿ ಕರೆ ಜೋಡಿಸುತ್ತ ವರ್ಷವೂ ತುಂಬಿರಲಿಲ್ಲ.

ಬೆಳಿಗ್ಗೆ ಯಜಮಾನರು ಮೂರು ತಿಂಗಳ ಲೆಕ್ಕ ನೋಡಿ ಗದರಿದರು: "ದಿನಾ ಗಂಟೆ ಬಾರಿಸ್ತಾನೇ ಇರ್ತೀಯ. ಮಳವಳ್ಳಿ ಲೈನಿಂದ ಒಂದ್ ಕಾಸೂ ಬಂದಿಲ್ವಲ್ಲಲಾ!"

"ಆ ಕಡೆ ಯಾರೂ ಎತ್ತಲ್ಲ ಸ್ವಾಮಿ. ಎತ್ತುದ್ರೆ ತಾನೆ ಕಾಸು?"

ಎತ್ತದಿರುವುದೇ ಬೆಲ್ಲದ ವ್ಯಾಪಾರಿಗಳ ಒಪ್ಪಂದ. ಮದ್ದೂರಿನಲ್ಲಿ ಧಾರಣೆ ಏರಿದರೆ ಎರಡು ಸಲ ಗಂಟೆ, ಇಳಿದರೆ ಒಂದು ಸಲ. ಮಳವಳ್ಳಿ ಮಂಡಿಯ ಸಾವ್ಕಾರರು ಎಣಿಸಿಕೊಂಡು ಸುಮ್ಮನಾಗುತ್ತಾರೆ. ನನಗೆ ಎಲ್ಲಾ ಗೊತ್ತಿತ್ತು. ಹಬ್ಬಕ್ಕೆ ನಾಲ್ಕಚ್ಚು ಬೆಲ್ಲ ಕೊಡುತ್ತಿದ್ದರು, ಬಾಯಿ ಬಿಟ್ಟಿರಲಿಲ್ಲ.

"ತಿಂಗಳ ಕೊನೇಗೆ ಆ ಲೈನ್ ಮುಚ್ತೀನಿ. ನೀನು ಇವತ್ತೇ ಒಂಟೋಗು" ಎಂದರು ಯಜಮಾನರು.

ಊರಿನ ಬಸ್ಸು ಹತ್ತಿದವನು ಮಳವಳ್ಳಿಯಲ್ಲಿ ಇಳಿದು, ಸಾವ್ಕಾರರಿಗೆ ಕೆಲಸ ಹೋದದ್ದನ್ನಷ್ಟೇ ಹೇಳಿದೆ. ಅವರು ಬೆನ್ನು ತಟ್ಟಿದರು.

"ಅದ್ಕ್ಯಾಕ್ಲಾ ಅಳ್ತೀಯ? ನಂಗೂ ಕಿವಿ ಮಂದ ಆಗದೆ. ನಾಳಿಂದ ಇಲ್ಲೇ ಕೂತ್ಕೊಂಡು ಗಂಟೆ ಎಣ್ಸು, ಸಂಬಳ ಕೊಡ್ತೀನಿ."

ತಿಂಗಳು ಮುಗಿಯಲು ಇನ್ನೂ ಒಂಬತ್ತು ದಿನ ಇದೆ.

"ಬತ್ತೀನಿ ಸಾವ್ಕಾರ್ರೆ" ಅಂದೆ.